ನವೋದ್ಯಮಿಯ ಮನಸ್ಸು ಮತ್ತು ಅದರ ಆರೈಕೆ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಠದ ಮಹೋತ್ಸವದ ಸಭೆಯಲ್ಲಿ ವ್ಯಾಪಾರೋದ್ಯಮದ ಮಾತೇಕೆ, ಅದರಲ್ಲಿಯೂ ಮನಶ್ಚಿಕಿತ್ಸೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಈ ವಿಷಯವು ಮಠದ ಅಂಗಳಕ್ಕೆ ದೂರವಾದುದಲ್ಲ. ಕನ್ನಡ ನಾಡಿನ ಮಠಗಳ ಪ್ರಸಾದನಿಲಯಗಳಲ್ಲಿ ಉಂಡು, ಓದಿ, ಬೆಳೆದ ಬಾಲಕರು ಹಿಂದೆ ಮಾಸ್ತರರಾದರು, ವಕೀಲರಾದರು, ಸರಕಾರದ ನೌಕರರಾದರು. ಅವರ ಮಕ್ಕಳಲ್ಲಿಯೂ ಮೊಮ್ಮಕ್ಕಳಲ್ಲಿಯೂ ಎಷ್ಟೋ ಜನರು ಇಂದು ಬೆಂಗಳೂರಿಗೆ ಹೋಗಿ, ಕೈಯಲ್ಲಿದ್ದ ನೌಕರಿಯನ್ನು ಬಿಟ್ಟು, ಸ್ವಂತ ಕಂಪನಿಗಳನ್ನು ಕಟ್ಟಲು ಹೊರಟಿರುವರು. ಇಂಥ ಕಂಪನಿಗೆ ಸ್ಟಾರ್ಟಪ್ ಎಂಬದು ರೂಢಿಯ ಹೆಸರು. ನವೋದ್ಯಮವೆಂಬದು ಕನ್ನಡದ ಹೆಸರು. ಮಗನು ಕಂಪನಿ ತೆರೆದನೆಂದು ಊರಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ತಂದೆ-ತಾಯಿಗಳು ಈ ಸಭೆಯಲ್ಲಿಯೂ ಇರಬಹುದು. ಆ ಮಗನಿಗೆ ರಾತ್ರಿ ನಿದ್ರೆ ಬರುವದೋ ಇಲ್ಲವೋ ಎಂಬದನ್ನು ಅವರು ಪ್ರಾಯಶಃ ಕೇಳಿರಲಾರರು. ಕೇಳಿದ್ದರೂ ಅವನು ನಿಜವನ್ನು ಹೇಳಿರಲಾರನು. ಇಂದಿನ ಉಪನ್ಯಾಸದ ವಿಷಯವು ಅದೇ ಆಗಿರುವದು.

ಮೊದಲು ನವೋದ್ಯಮಿಯ ಸ್ಥಿತಿಯನ್ನು ತಿಳಿಯತಕ್ಕದ್ದು. ದಾವಣಗೆರೆಯಲ್ಲಿಯೋ ಗದಗಿನಲ್ಲಿಯೋ ಬಟ್ಟೆಯ ಅಂಗಡಿಯನ್ನಿಟ್ಟವನು ಮಾಲು ತರುವನು, ಮಾರುವನು, ಬಂದ ಲಾಭದಲ್ಲಿ ಮನೆ ನಡೆಸುವನು. ವ್ಯಾಪಾರ ಕುಗ್ಗಿದ ವರ್ಷ ವೆಚ್ಚವನ್ನೂ ಕುಗ್ಗಿಸುವನು. ಅವನಿಗೂ ಚಿಂತೆಯುಂಟು, ಆದರೆ ಅವನು ನಡೆಯುವ ದಾರಿಯನ್ನು ಅವನ ಹಿರಿಯರು ನಡೆದು ನೋಡಿರುವರು. ನವೋದ್ಯಮಿಯು ಹಾಗಲ್ಲ. ಇನ್ನೂ ಯಾರೂ ಕೊಳ್ಳದ ವಸ್ತುವನ್ನು ಅಥವಾ ಸೇವೆಯನ್ನು ಮೊದಲು ನಿರ್ಮಿಸಿ, ಅದಕ್ಕೆ ಗಿರಾಕಿಗಳು ಇರುವರೆಂಬದನ್ನು ಆಮೇಲೆ ಸಿದ್ಧಪಡಿಸಬೇಕಾಗುವದು. ಅದಕ್ಕೋಸ್ಕರ ಪರರ ಬಂಡವಾಳವನ್ನು ತರುವನು. ಹಲವು ವರ್ಷಗಳ ವರೆಗೆ ಆದಾಯಕ್ಕಿಂತ ವೆಚ್ಚವೇ ಹೆಚ್ಚು. ಬ್ಯಾಂಕಿನಲ್ಲಿರುವ ಹಣವು ಇನ್ನು ಎಷ್ಟು ತಿಂಗಳು ಸಾಲುವದೆಂಬ ಲೆಕ್ಕವು ಸದಾ ಅವನ ತಲೆಯಲ್ಲಿರುವದು. ಬೆಂಗಳೂರಿನವರು ಈ ಅವಧಿಯನ್ನು ರನ್‌ವೇ ಎಂದು ಕರೆಯುವರು. ವಿಮಾನವು ಮೇಲೇಳುವ ಮುನ್ನ ನೆಲದ ಮೇಲೆ ಓಡುವ ದಾರಿಯೆಂದು ಅದರ ಅರ್ಥ. ದಾರಿ ಮುಗಿಯುವದರೊಳಗೆ ಲಾಭವಾಗಲಿ ಹೊಸ ಬಂಡವಾಳವಾಗಲಿ ದೊರಕದಿದ್ದರೆ ಕಂಪನಿಯನ್ನು ಮುಚ್ಚಲೇಬೇಕು. ಇಂಥ ಕಂಪನಿಗಳಲ್ಲಿ ಸಫಲವಾಗುವವುಗಳಿಗಿಂತ ಮುಚ್ಚುವವುಗಳೇ ಹೆಚ್ಚೆಂಬದು ಎಲ್ಲ ದೇಶಗಳ ಅನುಭವವಾಗಿರುವದು.

ಕರ್ನಾಟಕ ಸರಕಾರವು 2015ರಲ್ಲಿ ನವೋದ್ಯಮ ನೀತಿಯನ್ನು ಪ್ರಕಟಿಸಿತು. ಭಾರತ ಸರಕಾರವು 2016ರ ಜನವರಿ 16ರಂದು ಸ್ಟಾರ್ಟಪ್ ಇಂಡಿಯಾ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಬಂಡವಾಳದ ವಿಚಾರ, ತೆರಿಗೆಯ ವಿಚಾರ, ಪರವಾನಿಗೆಯ ವಿಚಾರಗಳು ಬಹಳವಾಗಿ ಚರ್ಚಿತವಾದವು. ಆದರೆ ಉದ್ಯಮವನ್ನು ಕಟ್ಟುವವನ ಮನಸ್ಸಿನ ವಿಚಾರಕ್ಕೆ ಅಷ್ಟು ಲಕ್ಷ್ಯವು ದೊರೆಯಲಿಲ್ಲ. ಕಟ್ಟಡದ ಕಲ್ಲು-ಸುಣ್ಣಗಳನ್ನು ಪರೀಕ್ಷಿಸಿ, ಅದನ್ನು ಹೊತ್ತಿರುವ ನೆಲವನ್ನು ಪರೀಕ್ಷಿಸದೆ ಬಿಟ್ಟಂತೆ ಇದಾಯಿತು.

ನವೋದ್ಯಮಿಯ ಕಷ್ಟವು ಕೇವಲ ದುಡಿಮೆಯ ಕಷ್ಟವಲ್ಲ. ಒಕ್ಕಲಿಗನೂ ದುಡಿಯುವನು, ನೇಕಾರನೂ ದುಡಿಯುವನು. ಇವನಿಗೆ ವಿಶೇಷವಾಗಿರುವ ಕಷ್ಟವೇನೆಂದರೆ, ತನ್ನ ಭಯವನ್ನು ತೋರಿಸಿಕೊಳ್ಳಲು ಇವನಿಗೆ ಯಾರೂ ಇರುವದಿಲ್ಲ. ನೌಕರರ ಮುಂದೆ ತೋರಿಸಿದರೆ ಅವರಲ್ಲಿ ಜಾಣರಾದವರು ಬೇರೆ ಕೆಲಸವನ್ನು ಹುಡುಕುವರು. ಬಂಡವಾಳಗಾರರ ಮುಂದೆ ತೋರಿಸಿದರೆ ಬರಬೇಕಾದ ಹಣವು ನಿಲ್ಲುವದು. ಜೊತೆಗೂಡಿ ಕಂಪನಿ ಕಟ್ಟಿದ ಗೆಳೆಯನಿಗೆ ಹೇಳಬೇಕೆಂದರೆ ಅವನೂ ಅದೇ ಭಯದಲ್ಲಿ ಮುಳುಗಿರುವನು. ಹೆಂಡತಿಯು ತನ್ನ ಒಡವೆಗಳನ್ನು ಕೊಟ್ಟಿರಬಹುದು. ತಂದೆಯು ಹೊಲದ ಮೇಲೆ ಸಾಲ ತೆಗೆದಿರಬಹುದು. ಇವರೆಲ್ಲರೂ ಅವನ ಹಿತವನ್ನು ಬಯಸುವವರೇ ಸರಿ. ಆದರೆ ಇವರಲ್ಲಿ ಪ್ರತಿಯೊಬ್ಬರ ಬಾಳೂ ಅವನ ಧೈರ್ಯವನ್ನು ನೆಚ್ಚಿಕೊಂಡಿರುವದರಿಂದ, ಅವರ ಮುಂದೆ ಅಧೈರ್ಯದ ಮಾತಾಡುವದೆಂದರೆ ಅವರಿಗೆ ಹಾನಿ ಮಾಡಿದಂತೆಯೇ ಎಂದು ಅವನಿಗೆ ತೋರುವದು. ಆದುದರಿಂದ ಎಲ್ಲರ ಮುಂದೆಯೂ ನಗುಮುಖವನ್ನಿಟ್ಟುಕೊಂಡು, ರಾತ್ರಿ ಎರಡು ಗಂಟೆಗೆ ಒಬ್ಬನೇ ಎದ್ದು ಕೂಡುವನು. ಉದ್ಯಮವನ್ನು ಕಟ್ಟುವ ಹೆಣ್ಣುಮಕ್ಕಳಿಗಂತೂ ಈ ಭಾರವು ಇಮ್ಮಡಿ. ಅವರು ಸ್ವಲ್ಪ ದಣಿದಂತೆ ಕಂಡರೂ ಸಾಕು, ಮೊದಲೇ ಬೇಡವೆಂದಿದ್ದೆವಲ್ಲಾ ಎಂಬ ಮಾತನ್ನು ಮನೆಯವರಿಂದಲೇ ಕೇಳಬೇಕಾಗುವದು.

ಇದು ಬರಿಯ ಊಹೆಯಲ್ಲ. ಅಮೇರಿಕೆಯ ಕ್ಯಾಲಿಫೋರ್ನಿಯಾದ ಮನೋವೈದ್ಯರಾದ ಮೈಕೆಲ್ ಫ್ರೀಮನ್ ಎಂಬವರು ತಮ್ಮ ಸಂಗಡಿಗರೊಡನೆ 242 ಮಂದಿ ಉದ್ಯಮಿಗಳನ್ನೂ, ಹೋಲಿಕೆಗಾಗಿ ಬೇರೆ 93 ಮಂದಿಯನ್ನೂ ಪ್ರಶ್ನಿಸಿ, 2015ರಲ್ಲಿ ಅದರ ಫಲವನ್ನು ಹೊರಗೆಡಹಿದರು. ಉದ್ಯಮಿಗಳಲ್ಲಿ ನೂರಕ್ಕೆ 49 ಮಂದಿ ತಮ್ಮ ಆಯುಷ್ಯದಲ್ಲಿ ಯಾವುದಾದರೊಂದು ಮಾನಸಿಕ ವ್ಯಾಧಿಯನ್ನು ಅನುಭವಿಸಿದುದಾಗಿ ಹೇಳಿದರು. ಖಿನ್ನತೆಯೊಂದನ್ನೇ ಎಣಿಸಿದರೆ ನೂರಕ್ಕೆ 30 ಮಂದಿ. ಹೋಲಿಕೆಯ ಗುಂಪಿನಲ್ಲಿ ಈ ಪ್ರಮಾಣವು ಕಡಿಮೆಯಿತ್ತು. ಪ್ರಶ್ನಿಸಿದವರ ಸಂಖ್ಯೆಯು ಸಣ್ಣದು, ಉತ್ತರಗಳೂ ಅವರವರೇ ಹೇಳಿಕೊಂಡವುಗಳು. ಆದಕಾರಣ ಈ ಅಂಕಿಗಳನ್ನು ಎಲ್ಲ ಉದ್ಯಮಿಗಳಿಗೂ ಹಾಗೆಯೇ ಹಚ್ಚುವದು ಸರಿಯಲ್ಲ. ಉದ್ಯಮವೇ ವ್ಯಾಧಿಯನ್ನು ತಂದಿತೋ, ಅಂಥ ಮನಸ್ಸಿನವರೇ ಉದ್ಯಮಕ್ಕೆ ಇಳಿಯುವರೋ ಎಂಬದೂ ಇದರಿಂದ ತಿಳಿಯದು. ಆದರೂ ಧೈರ್ಯಶಾಲಿಗಳೆಂದು ಲೋಕವು ಹೊಗಳುವವರಲ್ಲಿ ಇಷ್ಟು ಜನರು ಒಳಗೊಳಗೆ ನೋಯುತ್ತಿರುವರೆಂಬದು ಇದರಿಂದ ಗೊತ್ತಾಯಿತು.

ಅದೇ ದೇಶದ ಬ್ರ್ಯಾಡ್ ಫೆಲ್ಡ್ ಎಂಬವರ ಉದಾಹರಣೆಯನ್ನು ಇಲ್ಲಿ ಹೇಳುವದು ಉಚಿತವಾಗಿರುವದು. ಅವರು ತಾರುಣ್ಯದಲ್ಲಿ, 1987ರಲ್ಲಿ, ತಮ್ಮ ಮೊದಲ ಕಂಪನಿಯನ್ನು ಕಟ್ಟಿದರು. 1993ರಲ್ಲಿ ಅದನ್ನು ಲಾಭಕ್ಕೆ ಮಾರಿದರು. ಮುಂದೆ ಕೊಲೊರಾಡೋ ಸಂಸ್ಥಾನದ ಬೋಲ್ಡರ್ ನಗರದಲ್ಲಿ ನೆಲೆಸಿ, ಹೊಸ ಕಂಪನಿಗಳಿಗೆ ಬಂಡವಾಳವನ್ನೂ ಬುದ್ಧಿಯನ್ನೂ ಕೊಡುವವರಾಗಿ ಹೆಸರು ಪಡೆದರು. 2006ರಲ್ಲಿ ಸ್ಥಾಪಿತವಾದ ಟೆಕ್‌ಸ್ಟಾರ್ಸ್ ಎಂಬ ಸಂಸ್ಥೆಯ ಸಂಸ್ಥಾಪಕರಲ್ಲಿ ಅವರೂ ಒಬ್ಬರು. ಇಂಥವರು ಮೊದಲ ಕಂಪನಿಯು ಚೆನ್ನಾಗಿ ನಡೆದಿದ್ದ ದಿನಗಳಲ್ಲಿಯೇ ಗಾಢವಾದ ಖಿನ್ನತೆಗೆ ಒಳಗಾದರು. ಆಗ ತಮಗೆ ಖಿನ್ನತೆಯಿರುವದಕ್ಕೂ ನಾಚಿಕೆಯಾಗುತ್ತಿತ್ತು, ಚಿಕಿತ್ಸಕರ ಬಳಿಗೆ ಹೋಗುವದಕ್ಕೂ ನಾಚಿಕೆಯಾಗುತ್ತಿತ್ತು ಎಂದು ಅವರು ಮುಂದೆ ಬಹಿರಂಗವಾಗಿ ಹೇಳಿದರು. ಆದರೂ ಹೋದರು, ಗುಣ ಹೊಂದಿದರು. 2013ರಲ್ಲಿ ಆ ವ್ಯಾಧಿಯು ಮತ್ತೆ ಬಂದಾಗ ಅವರು ಅದನ್ನು ಮುಚ್ಚಿಡಲಿಲ್ಲ. ಎಲ್ಲರೂ ಓದುವಂತೆ ಬರೆದರು, ಪ್ರಯಾಣಗಳನ್ನು ನಿಲ್ಲಿಸಿದರು, ನಿದ್ರೆ-ವಿಶ್ರಾಂತಿಗಳಿಗೆ ದಿನಚರಿಯಲ್ಲಿ ಸ್ಥಳವನ್ನು ಮಾಡಿಕೊಂಡರು. ಬಂಡವಾಳ ಕೊಡುವವನೇ ಹೀಗೆ ಹೇಳಿಕೊಂಡುದರಿಂದ, ಬಂಡವಾಳ ಬೇಡುವವರಿಗೂ ಬಾಯಿ ಬಿಡುವ ಧೈರ್ಯ ಬಂದಿತು. ವ್ಯಾಧಿಯು ನಷ್ಟದಲ್ಲಿರುವವನಿಗೇ ಬರುವದೆಂಬ ತಿಳುವಳಿಕೆಯು ಸುಳ್ಳೆಂಬದಕ್ಕೆ ಇದು ಸಾಕ್ಷಿಯಾಗಿರುವದು.

ಹಾಗಾದರೆ ಮನಶ್ಚಿಕಿತ್ಸೆಯೆಂದರೇನು? ಥೆರಪಿ ಎಂದು ತರುಣರು ಕರೆಯುವದು ಇದನ್ನೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಯೆನ್ನಾ ನಗರದ ವೈದ್ಯರಾದ ಜೋಸೆಫ್ ಬ್ರಾಯರ್ ಅವರಿಂದ ಚಿಕಿತ್ಸೆ ಪಡೆಯುತ್ತಿದ್ದ ಒಬ್ಬ ತರುಣಿಯು ಇದಕ್ಕೆ ಮಾತಿನ ಚಿಕಿತ್ಸೆ ಎಂದು ಹೆಸರಿಟ್ಟಳು. ಅವರ ಕಿರಿಯ ಗೆಳೆಯರಾದ ಸಿಗ್ಮಂಡ್ ಫ್ರಾಯ್ಡ್ ಅವರು ಅದನ್ನು ಶಾಸ್ತ್ರವನ್ನಾಗಿ ಬೆಳೆಯಿಸಿದರು. ಇದು ಭಾರತಕ್ಕೆ ನಿನ್ನೆ ಮೊನ್ನೆ ಬಂದ ವಿದ್ಯೆಯೂ ಅಲ್ಲ. ಗಿರೀಂದ್ರಶೇಖರ ಬೋಸ್ ಅವರು 1922ರಲ್ಲಿಯೇ ಕಲಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. 1960ರ ನಂತರ ಅಮೇರಿಕೆಯ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರು ಬೇರೊಂದು ಮಾರ್ಗವನ್ನು ಕಂಡುಹಿಡಿದರು. ಖಿನ್ನನಾದವನ ಮನಸ್ಸಿನಲ್ಲಿ ಕೆಲವು ವಿಚಾರಗಳು ತಾವಾಗಿಯೇ, ಅವನು ಕರೆಯದೆಯೇ, ಬರುತ್ತಿರುವವೆಂದೂ, ಅವನು ಅವುಗಳನ್ನು ಪರೀಕ್ಷಿಸದೆ ನಿಜವೆಂದು ನಂಬುವನೆಂದೂ, ಅವುಗಳನ್ನು ಹಿಡಿದು ನಿಲ್ಲಿಸಿ ಪರೀಕ್ಷಿಸಲು ಕಲಿತರೆ ನೋವು ಇಳಿಯುವದೆಂದೂ ಅವರು ತೋರಿಸಿದರು. 1977ರಲ್ಲಿ ಅವರೂ ಅವರ ಸಹಾಯಕರೂ 41 ಮಂದಿ ರೋಗಿಗಳ ಮೇಲೆ ಈ ಚಿಕಿತ್ಸೆಯನ್ನು ಆ ಕಾಲದ ಒಂದು ಔಷಧದೊಡನೆ ಹೋಲಿಸಿ ನೋಡಿದಾಗ, ಮಾತಿನ ಚಿಕಿತ್ಸೆಯೇ ಮೇಲಾಗಿ ಕಂಡಿತು. ಮುಂದಿನ ಪರೀಕ್ಷೆಗಳಲ್ಲಿ ಅಷ್ಟು ಅಂತರವು ಉಳಿಯಲಿಲ್ಲ. ಆದರೆ ಅನೇಕ ರೋಗಿಗಳಲ್ಲಿ ಅದು ಔಷಧಕ್ಕೆ ಸರಿದೂಗುವದೆಂಬದು ಸ್ಥಿರಪಟ್ಟಿತು.

ಚಿಕಿತ್ಸೆಯ ಕೊಠಡಿಯಲ್ಲಿ ನಡೆಯುವದೇನೆಂಬದನ್ನು ತಿಳಿಯದ್ದರಿಂದಲೇ ಜನರು ಅದಕ್ಕೆ ಹೆದರುವರು. ಅಲ್ಲಿ ಎರಡು ಕುರ್ಚಿಗಳಿರುವವು. ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಮಾತು ನಡೆಯುವದು. ದೃಷ್ಟಾಂತಕ್ಕಾಗಿ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳಬಹುದು. ರೈತರ ಕಾಯಿಪಲ್ಯವನ್ನು ನೇರವಾಗಿ ಪಟ್ಟಣದ ಮನೆಗಳಿಗೆ ಮುಟ್ಟಿಸುವ ಕಂಪನಿ ಅವನದು. ಮೂವತ್ತು ಜನ ನೌಕರರು. ಮೂರು ತಿಂಗಳ ಸಂಬಳಕ್ಕಾಗುವಷ್ಟು ಹಣ. ಬಂಡವಾಳ ಕೊಡುವೆನೆಂದಿದ್ದ ಒಬ್ಬ ಹೂಡಿಕೆದಾರನು ಕೊನೆಗೆ ಒಲ್ಲೆನೆಂದನು. ತರುಣನ ಮನಸ್ಸಿನಲ್ಲಿ ಆ ಕ್ಷಣವೇ ಬಂದ ವಿಚಾರ: “ನಾನು ಅಯೋಗ್ಯನು, ಎಲ್ಲರನ್ನೂ ಬೀದಿಗೆ ತಂದೆನು.” ಚಿಕಿತ್ಸಕನು ಇದಕ್ಕೆ ಸಮಾಧಾನದ ಮಾತನ್ನೂ ಹೇಳುವದಿಲ್ಲ, ವ್ಯಾಪಾರದ ಬುದ್ಧಿಯನ್ನೂ ಹೇಳುವದಿಲ್ಲ. ಆ ವಿಚಾರವನ್ನು ಕಾಗದದ ಮೇಲೆ ಬರೆಯಿಸುವನು. ಇದು ನಿಜವೆಂಬದಕ್ಕೆ ಆಧಾರವೇನು, ಅಲ್ಲವೆಂಬದಕ್ಕೆ ಆಧಾರವೇನು ಎಂದು ಎರಡು ಕಡೆಗೂ ಬರೆಯಿಸುವನು. “ಹೂಡಿಕೆದಾರನು ಯಾವ ಕಾರಣವನ್ನು ಹೇಳಿದನು? ನಿಮ್ಮ ಗೆಳೆಯನೊಬ್ಬನು ತನ್ನ ವಿಷಯದಲ್ಲಿ ಹೀಗೆ ಅಂದುಕೊಂಡಿದ್ದರೆ ನೀವು ಅವನಿಗೆ ಏನು ಹೇಳುತ್ತಿದ್ದಿರಿ?” ಎಂದು ಕೇಳುವನು. ತರುಣನು ನಿಧಾನವಾಗಿ ಉತ್ತರಿಸುತ್ತ ಹೋದಂತೆ ವಿಚಾರವು ಬೇರೆ ರೂಪವನ್ನು ಪಡೆಯುವದು: ಒಂದೊಂದು ಮನೆಗೆ ಮುಟ್ಟಿಸುವ ಖರ್ಚು ಹೆಚ್ಚಾಯಿತೆಂದು ಒಬ್ಬ ಹೂಡಿಕೆದಾರನು ಒಲ್ಲೆನೆಂದನು, ಆ ಮಾತಿನಲ್ಲಿ ಸತ್ಯವುಂಟು, ಮೂರು ತಿಂಗಳ ಸಮಯವುಂಟು, ದೂರದ ಬಡಾವಣೆಗಳನ್ನು ಬಿಟ್ಟರೆ ಖರ್ಚು ಇಳಿಯುವದು, ಈ ಸಂಗತಿಯನ್ನು ಜೊತೆಗಾರನಿಗೆ ಇಂದೇ ಹೇಳತಕ್ಕದ್ದು. ಕಷ್ಟವು ಹೋಗಲಿಲ್ಲ. ಆದರೆ ತನ್ನ ಮೇಲಿನ ತೀರ್ಪಾಗಿದ್ದುದು ಈಗ ಮಾಡಬೇಕಾದ ಕೆಲಸವಾಯಿತು. ಹತ್ತಾರು ವಾರ ಹೀಗೆ ಅಭ್ಯಾಸ ಮಾಡಿದವನು ಮುಂದೆ ಚಿಕಿತ್ಸಕನಿಲ್ಲದೆಯೇ ಇದನ್ನು ಮಾಡಬಲ್ಲವನಾಗುವನು.

ಇದರಿಂದ ನವೋದ್ಯಮಿಗಾಗುವ ಪ್ರಯೋಜನಗಳಲ್ಲಿ ಮುಖ್ಯವಾದುದು, ತಾನು ಬೇರೆ, ತನ್ನ ಕಂಪನಿ ಬೇರೆ ಎಂಬ ತಿಳುವಳಿಕೆ. ಹಗಲಿರುಳು ಒಂದೇ ಕೆಲಸದಲ್ಲಿ ಮುಳುಗಿದವನಿಗೆ ಕಂಪನಿಯ ಬೆಲೆಯೇ ತನ್ನ ಬೆಲೆಯೆಂದು ತೋರತೊಡಗುವದು. ಕಂಪನಿಗೆ ಹಣ ಬಂದ ದಿನ ತಾನು ದೊಡ್ಡವನು, ಬಾರದ ದಿನ ತಾನು ಯಾರೂ ಅಲ್ಲ. ಈ ಗಂಟು ಬಿಚ್ಚಿದರೆ ಮಾತ್ರ ಅವನು ಕಂಪನಿಯ ದೋಷಗಳನ್ನು ನೋಡಬಲ್ಲನು. ಇಲ್ಲವಾದರೆ ದೋಷವನ್ನು ಹೇಳಿದ ಪ್ರತಿಯೊಬ್ಬನೂ ವೈರಿಯಾಗಿ ಕಾಣುವನು.

ಎರಡನೆಯ ಪ್ರಯೋಜನವು ನಿರ್ಣಯದ ಶಕ್ತಿ. ನಿದ್ರೆಗೆಟ್ಟವನು, ಭಯಗೊಂಡವನು, ಹತ್ತಿರದ ನಷ್ಟವನ್ನು ತಪ್ಪಿಸಿಕೊಳ್ಳಲು ದೂರದ ದೊಡ್ಡ ನಷ್ಟವನ್ನು ತಂದುಕೊಳ್ಳುವನು. ಕಡಿಮೆ ಮಾಡಬೇಕಾದ ವೆಚ್ಚವನ್ನು ಮುಂದೂಡುವನು; ಹೇಳಬೇಕಾದ ಸತ್ಯವನ್ನು ಹೇಳದೆ ಬಿಡುವನು; ಕೆಲವೊಮ್ಮೆ ಸುಳ್ಳು ಲೆಕ್ಕವನ್ನು ತೋರಿಸುವ ವರೆಗೂ ಹೋಗುವನು. ಭಯವನ್ನು ಒಂದು ಗೊತ್ತಾದ ಸ್ಥಳದಲ್ಲಿ ಹೇಳಿಕೊಳ್ಳಲು ಅವಕಾಶವಿರುವವನು ಅದನ್ನು ಕಚೇರಿಯ ಮೇಜಿನ ಮೇಲೆ ಚೆಲ್ಲುವದಿಲ್ಲ. ಅವನ ಸಿಟ್ಟಿಗೆ ಗುರಿಯಾಗದೆ ಉಳಿಯುವ ನೌಕರರಿಗೂ ಇದರಿಂದ ಉಪಕಾರವೇ ಆಗುವದು.

ಮೂರನೆಯದು ಜೊತೆಗಾರರ ಜಗಳಕ್ಕೆ ಸಂಬಂಧಪಟ್ಟುದು. ಎಷ್ಟೋ ಒಳ್ಳೆಯ ಉದ್ಯಮಗಳು ಪೇಟೆಯಲ್ಲಿ ಸೋಲುವ ಮೊದಲೇ ಸಂಸ್ಥಾಪಕರ ಮನಸ್ತಾಪದಿಂದ ಒಡೆದಿರುವವು. ದಂಪತಿಗಳು ಕೂಡಿ ಆಪ್ತಸಮಾಲೋಚಕರ ಬಳಿಗೆ ಹೋಗುವಂತೆ, ಇಬ್ಬರು ಜೊತೆಗಾರರು ಕೂಡಿಯೇ ಹೋಗುವ ಪದ್ಧತಿಯು ಈಗ ಬಂದಿರುವದು. ಯಾರ ಪಾಲು ಎಷ್ಟು, ಯಾರ ಮಾತು ಕೊನೆಯದು, ಯಾರು ಯಾವಾಗ ನೊಂದರು ಎಂಬವುಗಳನ್ನು ಮೂರನೆಯವರ ಎದುರಿನಲ್ಲಿ ಶಾಂತವಾಗಿ ಹೇಳಿಕೊಂಡರೆ, ವಕೀಲರ ಮನೆಗೆ ಹೋಗುವ ಪ್ರಸಂಗವು ಹಲವು ವೇಳೆ ತಪ್ಪುವದು.

ನಾಲ್ಕನೆಯದನ್ನು ಲೋಕವು ಪ್ರಯೋಜನವೆಂದೇ ಎಣಿಸುವದಿಲ್ಲ. ಅದು ಕಂಪನಿಯನ್ನು ಮುಚ್ಚಬೇಕಾದಾಗ ಮರ್ಯಾದೆಯಿಂದ ಮುಚ್ಚುವ ಶಕ್ತಿ. ಇನ್ನೂ ಸಂಬಳ ಕೊಡುವಷ್ಟು ಹಣವಿರುವಾಗಲೇ ನೌಕರರಿಗೆ ನಿಜವನ್ನು ಹೇಳಿ, ಅವರಿಗೆ ಬೇರೆ ಕೆಲಸವನ್ನು ಹುಡುಕಿಕೊಡಲು ಯತ್ನಿಸಿ, ಕೊಡಬೇಕಾದವರಿಗೆ ಲೆಕ್ಕವನ್ನೊಪ್ಪಿಸಿ, ಮನೆಗೆ ಬಂದು ಉಂಡು ಮಲಗುವದು ಸಾಮಾನ್ಯವಾದ ಧೈರ್ಯವಲ್ಲ. ಸೋಲೆಂದರೆ ಸಾವೆಂದು ತಿಳಿದವನಿಗೆ ಇದು ಸಾಧ್ಯವಾಗದು.

ಇಲ್ಲಿ ಕನ್ನಡ ನಾಡಿನ ಒಂದು ದುಃಖವನ್ನು ನೆನೆಯದೆ ಇರಲಾಗದು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಡೇ ಅಂಗಡಿಯನ್ನು ತೆರೆದು, ಚಿಕ್ಕಮಗಳೂರಿನ ಕಾಫಿಯನ್ನು ದೇಶಕ್ಕೆಲ್ಲ ಕುಡಿಯಿಸಿದ ವಿ. ಜಿ. ಸಿದ್ಧಾರ್ಥ ಅವರು 2019ರ ಜುಲೈ ತಿಂಗಳಲ್ಲಿ ಅಕಾಲ ಮರಣವನ್ನು ಹೊಂದಿದರು. ಅಂಥ ಮರಣಕ್ಕೆ ಕಾರಣವು ಇಂಥದೇ ಎಂದು ಹೊರಗಿನವರು ನಿರ್ಣಯಿಸುವದು ಉಚಿತವಲ್ಲ. ಇಂಥ ಉಪಾಯದಿಂದ ತಪ್ಪುತ್ತಿತ್ತೆಂದು ಹೇಳುವದು ಇನ್ನೂ ಅನುಚಿತ. ಆದರೆ ಅನಂತರ ನಡೆದುದನ್ನು ಎಲ್ಲರೂ ಬಲ್ಲರು. ಅವರ ಪತ್ನಿಯವರಾದ ಮಾಳವಿಕಾ ಹೆಗಡೆಯವರು 2020ರ ಡಿಸೆಂಬರಿನಲ್ಲಿ ಸಂಸ್ಥೆಯ ಹೊಣೆಯನ್ನು ವಹಿಸಿಕೊಂಡು ಸಾಲದ ಭಾರವನ್ನು ಬಹುಮಟ್ಟಿಗೆ ಇಳಿಸಿದರು. ಎಷ್ಟೇ ದೊಡ್ಡ ಸಾಲವಾದರೂ ಅದಕ್ಕೆ ಕಂತುಗಳುಂಟು, ಕೋರ್ಟುಗಳುಂಟು, ಮಾರಬಹುದಾದ ಆಸ್ತಿಗಳುಂಟು. ಹೋದ ಜೀವವನ್ನು ತರುವದಕ್ಕೆ ಯಾವ ಉಪಾಯವೂ ಇಲ್ಲ. ಇಷ್ಟನ್ನು ಪ್ರತಿಯೊಬ್ಬ ಉದ್ಯಮಿಯೂ, ಅವನ ಮನೆಯವರೂ ಮನಸ್ಸಿನಲ್ಲಿಡತಕ್ಕದ್ದು.

ಇನ್ನು ಚಿಕಿತ್ಸೆಯ ಮಿತಿಗಳನ್ನೂ ಹೇಳದಿದ್ದರೆ ಈ ಉಪನ್ಯಾಸವು ಜಾಹೀರಾತಾದೀತು. ಕೆಟ್ಟ ವ್ಯಾಪಾರವನ್ನು ಮನಶ್ಚಿಕಿತ್ಸೆಯು ಒಳ್ಳೆಯದನ್ನಾಗಿ ಮಾಡಲಾರದು. ಗಿರಾಕಿಯನ್ನು ತರಲಾರದು. ತೀವ್ರವಾದ ಖಿನ್ನತೆಗೂ, ಉನ್ಮಾದಕ್ಕೂ ಮಾತೊಂದೇ ಸಾಲದು. ಮನೋವೈದ್ಯರು ಕೊಡುವ ಔಷಧವೂ ಬೇಕಾಗುವದು. ಉದ್ಯಮಿಗಳಿಗೆ ಕೋಚ್ ಎಂಬ ತರಬೇತುದಾರರುಂಟು. ಅವರು ಕೆಲಸದ ದಾರಿಯನ್ನು ತಿಳಿಸಬಲ್ಲರು, ರೋಗಕ್ಕೆ ಚಿಕಿತ್ಸೆ ಮಾಡಲಾರರು. ಆದಕಾರಣ ಯಾರ ಬಳಿಗೆ ಹೋಗುವದಾದರೂ ಅವರ ವಿದ್ಯಾರ್ಹತೆಯನ್ನು ಮೊದಲು ವಿಚಾರಿಸತಕ್ಕದ್ದು. ಮೊದಲು ಹೋದವರು ಮನಸ್ಸಿಗೆ ಹೊಂದದಿದ್ದರೆ ಬೇರೆಯವರ ಬಳಿಗೆ ಹೋಗುವದರಲ್ಲಿ ತಪ್ಪೇನೂ ಇಲ್ಲ. ಎರಡು ಮೂರು ಭೇಟಿಗಳಲ್ಲಿಯೇ ಫಲವನ್ನು ಅಪೇಕ್ಷಿಸಬಾರದು. ಖಾಸಗಿ ಚಿಕಿತ್ಸೆಗೆ ಹಣವೂ ಬಹಳ ಖರ್ಚಾಗುವದುಂಟು.

ಹಣವಿಲ್ಲದವರಿಗೆ ದಾರಿಯಿಲ್ಲವೆಂದು ಭಾವಿಸಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯಿಂದ ಬೆಳೆದು, 1974ರಲ್ಲಿ ಈಗಿನ ರೂಪವನ್ನು ಪಡೆದು, ದೇಶಕ್ಕೇ ಮಾದರಿಯಾಗಿರುವದು. ಅದರ ತಜ್ಞರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯು ಆರಂಭವಾಯಿತು. 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿ, ಕನ್ನಡದಲ್ಲಿಯೇ, ಖರ್ಚಿಲ್ಲದೆ ಮಾತಾಡಬಹುದು. ಇಷ್ಟೆಲ್ಲ ಇದ್ದರೂ ಜನರು ಹೋಗುವದು ಕಡಿಮೆ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮಾನಸಿಕ ವ್ಯಾಧಿಯುಳ್ಳವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರಕಿರಲಿಲ್ಲ.

ಹೋಗದಿರುವದಕ್ಕೆ ಮೂರು ಆಕ್ಷೇಪಣೆಗಳು ಸಾಮಾನ್ಯವಾಗಿ ಕೇಳಬರುವವು. ಜನರು ಏನೆಂದಾರು ಎಂಬದು ಮೊದಲನೆಯದು. ಹುಚ್ಚನೆಂದು ಹೆಸರಾದೀತು, ತಂಗಿಯ ಮದುವೆಗೆ ಅಡ್ಡಿಯಾದೀತು ಎಂದು ಹಿರಿಯರು ಹೆದರುವರು. ಚಿಕಿತ್ಸಕನು ಕೇಳಿದುದನ್ನು ಗುಟ್ಟಾಗಿಡಬೇಕೆಂಬದು ಆ ವೃತ್ತಿಯ ಮೊದಲ ನಿಯಮ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಈ ಗೌಪ್ಯವನ್ನು ರೋಗಿಯ ಹಕ್ಕನ್ನಾಗಿಯೇ ಮಾಡಿರುವದು. ಪ್ರಾಣಾಪಾಯದಂಥ ಕೆಲವು ಪ್ರಸಂಗಗಳು ಮಾತ್ರ ಇದಕ್ಕೆ ಹೊರತು. ಮಾತು ಹರಡುವದಾದರೆ ಅದು ಸಾಮಾನ್ಯವಾಗಿ ಮನೆಯವರ ಬಾಯಿಂದಲೇ ಹೊರತು ಚಿಕಿತ್ಸಾಲಯದಿಂದಲ್ಲ.

ಎರಡನೆಯದು, ನಮ್ಮ ಹುಡುಗನು ಗಟ್ಟಿಮನಸ್ಸಿನವನು, ಅವನಿಗೇಕೆ ಇದು ಎಂಬದು. ಗಟ್ಟಿಯಾದ ಎತ್ತಿನ ಮೇಲೆಯೇ ಹೆಚ್ಚು ಹೇರುವರು. ಅದು ಕುಸಿದಾಗ ಎಬ್ಬಿಸುವದೂ ಹೆಚ್ಚು ಕಷ್ಟ. ಮನಸ್ಸು ಗಟ್ಟಿಯಾಗಿರುವಾಗಲೇ ಹೋದರೆ ಕೆಲವು ವಾರಗಳಲ್ಲಿ ಮುಗಿಯಬಹುದಾದುದು, ಕುಸಿದ ಮೇಲೆ ವರ್ಷಗಳನ್ನು ತೆಗೆದುಕೊಳ್ಳಬಹುದು.

ಮೂರನೆಯದು ಈ ಸಭೆಗೆ ಹೆಚ್ಚು ಹತ್ತಿರವಾದುದು. ಪೂಜೆಯುಂಟು, ಗುರುಗಳ ಆಶೀರ್ವಾದವುಂಟು, ಇನ್ನು ಚಿಕಿತ್ಸಕನೇಕೆ ಎಂದು ಶ್ರದ್ಧಾವಂತರು ಕೇಳುವರು. ಕೈ ಮುರಿದವನು ಪೂಜೆಯನ್ನು ಬಿಡುವದಿಲ್ಲ, ಆದರೂ ಮೂಳೆಯನ್ನು ಕೂಡಿಸುವವನ ಬಳಿಗೆ ಹೋಗುವನು. ಹೋದುದಕ್ಕಾಗಿ ಅವನ ಶ್ರದ್ಧೆಯು ಕಡಿಮೆಯಾಯಿತೆಂದು ಯಾರೂ ಹೇಳುವದಿಲ್ಲ. ಮನಸ್ಸಿನ ಗಾಯಕ್ಕೂ ಇದೇ ನ್ಯಾಯ. ದುಡಿಮೆಯನ್ನು ಕಾಯಕವೆಂದು ಗೌರವಿಸುವ ಪರಂಪರೆಯಲ್ಲಿ, ದುಡಿಯುವವನ ಮನಸ್ಸನ್ನು ಆರೈಕೆ ಮಾಡುವದು ಪರಕೀಯವೆನಿಸಲಾರದು.

ಕೊನೆಗೆ ಮನೆಯವರ ಕರ್ತವ್ಯದ ಕುರಿತು ನಾಲ್ಕು ಮಾತು. ಪಟ್ಟಣದಲ್ಲಿರುವ ಮಗನೋ ಮಗಳೋ ಫೋನು ಮಾಡಿದಾಗ ಕಂಪನಿ ಹೇಗೆ ನಡೆದಿದೆ ಎಂದು ಮೊದಲು ಕೇಳುವ ರೂಢಿಯನ್ನು ಬಿಡತಕ್ಕದ್ದು. ಊಟವಾಯಿತೇ, ನಿದ್ರೆ ಬರುತ್ತಿದೆಯೇ ಎಂದು ಕೇಳತಕ್ಕದ್ದು. ಹಬ್ಬಕ್ಕೆ ಬಂದವನು ಮಾತು ಕಡಿಮೆ ಮಾಡಿದ್ದರೆ, ಊಟ ಬಿಟ್ಟಿದ್ದರೆ, ಕುಡಿತವನ್ನು ಹಿಡಿದಿದ್ದರೆ, ಸಣ್ಣ ಮಾತಿಗೂ ಸಿಡುಕುತ್ತಿದ್ದರೆ, ಅದನ್ನು ಪಟ್ಟಣದ ಸೊಕ್ಕೆಂದು ತಿಳಿಯಬಾರದು. ನೆಂಟರಿಷ್ಟರ ಮುಂದೆ ಪರರ ಮಕ್ಕಳ ಕಂಪನಿಗಳೊಡನೆ ಹೋಲಿಸಬಾರದು. ಅವನಾಗಿಯೇ “ಅಪ್ಪಾ, ನಾನು ಒಬ್ಬ ಆಪ್ತಸಮಾಲೋಚಕರನ್ನು ಕಾಣುತ್ತಿದ್ದೇನೆ” ಎಂದು ಹೇಳಿದರೆ, ಅದು ದೊಡ್ಡ ನಂಬಿಕೆಯ ಮಾತೆಂದು ತಿಳಿದು, “ಒಳ್ಳೆಯದು ಮಾಡಿದೆಯಪ್ಪಾ, ಬಿಡಬೇಡ” ಎಂದಷ್ಟೇ ಹೇಳಿದರೆ ಸಾಕು. ಬದುಕೇ ಬೇಡವೆಂಬ ಮಾತು ಎಂದಾದರೂ ಬಾಯಲ್ಲಿ ಬಂದರೆ, ಅದನ್ನು ಸಿಟ್ಟಿನ ಮಾತೆಂದು ತಳ್ಳಿಹಾಕದೆ, ಅವನನ್ನು ಒಂಟಿಯಾಗಿ ಬಿಡದೆ, ಆ ದಿನವೇ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು.

ತಂದೆಯು ಮಾಡಬೇಕಾದ ಇನ್ನೊಂದು ಕೆಲಸವುಂಟು. ಕಂಪನಿ ಉಳಿಯಲಿ ಮುಚ್ಚಲಿ, ಈ ಮನೆಯ ಬಾಗಿಲು ನಿನಗೆ ತೆರೆದೇ ಇರುವದೆಂದು ಕಂಪನಿಯು ಚೆನ್ನಾಗಿ ನಡೆದಿರುವ ಕಾಲದಲ್ಲಿಯೇ ಒಮ್ಮೆ ಬಾಯಿಬಿಟ್ಟು ಹೇಳತಕ್ಕದ್ದು. ಕಷ್ಟ ಬಂದ ಮೇಲೆ ಹೇಳಿದರೆ ಅದು ಮರುಕವೆಂದು ಅವನಿಗೆ ತೋರಬಹುದು; ಮೊದಲೇ ಹೇಳಿದ್ದರೆ ರಾತ್ರಿ ಎರಡು ಗಂಟೆಗೆ ಒಬ್ಬನೇ ಎದ್ದು ಕುಳಿತಾಗ ಅದು ಅವನ ನೆನಪಿಗೆ ಬರುವದು.

ಈ ಮಹೋತ್ಸವವು ಮುಗಿದು ಊರುಗಳಿಗೆ ಮರಳಿದ ಮೇಲೆ, ಅಂಥ ಮಕ್ಕಳುಳ್ಳವರು ಈ ವಾರದಲ್ಲಿಯೇ ಅವರೊಡನೆ ಹೀಗೆ ಮಾತಾಡಲಿ. ತಾವೇ ಉದ್ಯಮಕ್ಕಿಳಿದ ತರುಣರು ಈ ಸಭೆಯಲ್ಲಿದ್ದರೆ, ಕಂಪನಿಯ ಲೆಕ್ಕವನ್ನು ಪರಿಶೋಧಕರಿಗೆ ಒಪ್ಪಿಸುವಂತೆ ಮನಸ್ಸಿನ ಲೆಕ್ಕವನ್ನೂ ಒಬ್ಬ ಯೋಗ್ಯರ ಮುಂದೆ ಇಡಲು ಸಂಕೋಚಪಡದಿರಲಿ.